ಮನುಷ್ಯರಿಗೊಂದು, ದನಗಳಿಗೊಂದು: ಲೀಲಾವತಿ ಕಟ್ಟಿಸಿದ ದವಾಖಾನೆಗಳು

ಆರುನೂರಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಟಿಸಿದ ಲೀಲಾವತಿ ತಮ್ಮ ದುಡಿಮೆಯನ್ನು ಸುರಿದದ್ದು ಒಂದೇ ಒಂದು ಹಳ್ಳಿಗೆ. ಅದು ಅವರು ಹುಟ್ಟಿದ ಊರೂ ಆಗಿರಲಿಲ್ಲ. ಸೋಲದೇವನಹಳ್ಳಿಯಲ್ಲಿ ನಡೆದ ಆ ಕೆಲಸದಿಂದ ರಾಯಚೂರು ಜಿಲ್ಲೆಯ ಗುರುಗುಂಟಾ ಸೀಮೆಯ ನಾವು ಕಲಿಯಬೇಕಾದದ್ದು ಬಹಳ ಇದೆ.

2023ರ ನವೆಂಬರ್ ಕೊನೆಯ ವಾರ. ಬೆಂಗಳೂರು ಗ್ರಾಮಾಂತರ ಜಿಲ್ಲೆ ನೆಲಮಂಗಲ ತಾಲೂಕಿನ ಸೋಲದೇವನಹಳ್ಳಿಯಲ್ಲಿ ಒಂದು ಪಶು ಆಸ್ಪತ್ರೆ ಉದ್ಘಾಟನೆಯಾಯಿತು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಬಂದಿದ್ದರು. ಪಶು ಆಸ್ಪತ್ರೆ ತೆರೆಯುವುದು ಸಾಮಾನ್ಯವಾಗಿ ಪತ್ರಿಕೆಯ ಒಳಪುಟದ ಸುದ್ದಿ. ಆದರೆ ಅಂದು ಟಿ.ವಿ. ಕ್ಯಾಮೆರಾಗಳೆಲ್ಲ ಆ ಹಳ್ಳಿಯತ್ತ ತಿರುಗಿದ್ದವು. ಆಸ್ಪತ್ರೆ ಕಟ್ಟಿಸಿದವರು ನಟಿ ಲೀಲಾವತಿ. ವಯಸ್ಸು ಎಂಬತ್ತೈದು ಮುಟ್ಟಿ, ಕಾಯಿಲೆ ಅವರನ್ನು ಹಾಸಿಗೆಗೆ ಕೆಡವಿತ್ತು. ಮಗ ವಿನೋದ್ ರಾಜ್ ಓಡಾಡಿ ಆ ಕೆಲಸ ಮುಗಿಸಿದ್ದರು. ಅದಾಗಿ ಹದಿನೈದು ದಿನವೂ ಕಳೆಯಲಿಲ್ಲ. ಡಿಸೆಂಬರ್ 8ರಂದು ಲೀಲಾವತಿ ತೀರಿಕೊಂಡರು. ಸರ್ಕಾರಿ ಗೌರವದೊಂದಿಗೆ ಅವರನ್ನು ಮಣ್ಣು ಮಾಡಿದ್ದು ಅದೇ ಊರಿನ ಅವರದೇ ತೋಟದಲ್ಲಿ.

ಅವರು ಹೋದ ದಿನ ಪತ್ರಿಕೆಗಳು ರಾಜ್‌ಕುಮಾರ್ ಜೊತೆಗಿನ ಸಿನಿಮಾಗಳನ್ನು ನೆನೆದವು, ಹಾಡುಗಳನ್ನು ನೆನೆದವು. ಅದೆಲ್ಲ ಸರಿಯೇ. ದನಗಳ ಆಸ್ಪತ್ರೆಯ ಮಾತು ಮಾತ್ರ ಕೊನೆಯ ಸಾಲಿಗೆ ಹೋಯಿತು. ನನಗೆ ಅವರ ಬದುಕಿನ ಮುಖ್ಯ ಪಾತ್ರವೇ ಅದು ಅನಿಸುತ್ತದೆ. ಒಬ್ಬ ಕಲಾವಿದೆ ತಾನು ನಿಂತ ನೆಲದ ಜನ, ದನ, ಗಿಡಮರಗಳನ್ನು ಒಂದೇ ಸಂಸಾರವೆಂದು ತಿಳಿದು ನಡೆದುಕೊಂಡರೆ ಅದಕ್ಕಿಂತ ದೊಡ್ಡ ಪರಿಸರ ಕಾಳಜಿ ಯಾವುದು?

ಬೆಳ್ತಂಗಡಿಯಿಂದ ಬೆಳ್ಳಿತೆರೆಗೆ

ಲೀಲಾವತಿ ಹುಟ್ಟಿದ್ದು ದಕ್ಷಿಣ ಕನ್ನಡದ ಬೆಳ್ತಂಗಡಿಯಲ್ಲಿ. ಎಳವೆಯಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗಿ ಹೊಟ್ಟೆಪಾಡಿಗೆ ಮೈಸೂರು ಸೇರಿದರು. ಮಹಾಲಿಂಗ ಭಾಗವತರ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದರು. 1949ರ ‘ನಾಗಕನ್ನಿಕಾ’ದಲ್ಲಿ ಸಣ್ಣ ಪಾತ್ರ ಸಿಕ್ಕಿತು. ನಾಯಕಿಯಾಗಲು ಸುಮಾರು ಹತ್ತು ವರ್ಷ ಕಾಯಬೇಕಾಯಿತು. 1958ರ ‘ಮಾಂಗಲ್ಯ ಯೋಗ’ ಆ ಬಾಗಿಲು ತೆರೆಯಿತು. 1960ರಲ್ಲಿ ‘ರಣಧೀರ ಕಂಠೀರವ’, ‘ರಾಣಿ ಹೊನ್ನಮ್ಮ’ ಬಂದ ಮೇಲೆ ಅವರು ಹಿಂತಿರುಗಿ ನೋಡಲಿಲ್ಲ. ‘ಕಣ್ತೆರೆದು ನೋಡು’, ‘ಗಾಳಿಗೋಪುರ’, ‘ಕುಲವಧು’, ‘ವೀರಕೇಸರಿ’, ‘ಮನ ಮೆಚ್ಚಿದ ಮಡದಿ’ ಒಂದರ ಹಿಂದೊಂದು ಬಂದವು. ಅರವತ್ತರ ದಶಕದ ಕನ್ನಡ ಸಿನಿಮಾ ಎಂದರೆ ಅರ್ಧಪಾಲು ಲೀಲಾವತಿಯವರ ಮುಖವೇ ಕಣ್ಣಿಗೆ ಕಟ್ಟುತ್ತದೆ.

ನಾಯಕಿಯ ವಯಸ್ಸು ಮೀರುತ್ತಲೇ ಎಷ್ಟೋ ನಟಿಯರಿಗೆ ಚಿತ್ರರಂಗ ಬಾಗಿಲು ಮುಚ್ಚುತ್ತದೆ. ಲೀಲಾವತಿ ಅಲ್ಲಿಂದಲೇ ಇನ್ನೊಂದು ಸುತ್ತು ಶುರು ಮಾಡಿದರು. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1969ರಲ್ಲಿ ತೆಗೆದ ‘ಗೆಜ್ಜೆ ಪೂಜೆ’ಯಲ್ಲಿ ಅವರು ಕಲ್ಪನಾಗೆ ತಾಯಿ. ಸಮಾಜ ತನಗೆ ಹಚ್ಚಿದ ಮಸಿ ಮಗಳಿಗೂ ತಗಲದಿರಲಿ ಎಂದು ಒದ್ದಾಡುವ ಹೆಣ್ಣು ಅದು. 1972ರ ‘ನಾಗರಹಾವು’ ಚಿತ್ರದಲ್ಲಿ ಚಾಮಯ್ಯ ಮೇಷ್ಟ್ರ ಮಡದಿ ತುಂಗಮ್ಮ. ಹೊಟ್ಟೆಯಲ್ಲಿ ಹುಟ್ಟದ ರಾಮಾಚಾರಿಯನ್ನು ಊರೆಲ್ಲ ಬೈಯುವಾಗ ಆ ಮನೆ ಮಾತ್ರ ಮಗನೆಂದು ಕರೆಯುತ್ತದೆ. ಆ ಪಾತ್ರದಲ್ಲಿ ಲೀಲಾವತಿಗೆ ಅಬ್ಬರದ ಮಾತುಗಳಿಲ್ಲ. ಪಕ್ಕಕ್ಕೆ ನಿಂತು ನೋಡುವ ನೋಟ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ರೀತಿ, ಅಷ್ಟೇ. ಚಾಮಯ್ಯ ಮೇಷ್ಟ್ರಾಗಿದ್ದ ಅಶ್ವತ್ಥರಂಥ ನಟನ ಎದುರಿಗೆ ಅಷ್ಟರಲ್ಲೇ ಪಾತ್ರ ನಿಲ್ಲಿಸುವುದು ಸಣ್ಣ ಮಾತಲ್ಲ.

‘ಸಿಪಾಯಿ ರಾಮು’, ‘ಡಾಕ್ಟರ್ ಕೃಷ್ಣ’ ಚಿತ್ರಗಳಿಗೆ ರಾಜ್ಯ ಪ್ರಶಸ್ತಿ ಬಂತು. 1999-2000ನೇ ಸಾಲಿನ ಡಾ. ರಾಜ್‌ಕುಮಾರ್ ಪ್ರಶಸ್ತಿ ಸಂದಿತು. 2008ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಕನ್ನಡದ ಜೊತೆಗೆ ತಮಿಳು, ತೆಲುಗು ಸೇರಿ ಆರುನೂರು ದಾಟಿದ ಚಿತ್ರಗಳ ಲೆಕ್ಕ ಅವರದು.

ಸೈಟು ಮಾಡದ ನೆಲ

ಮದರಾಸಿನ ಸ್ಟುಡಿಯೋಗಳ ನಂಟು ಕಡಿದುಕೊಂಡ ಮೇಲೆ ಲೀಲಾವತಿ ಬೆಂಗಳೂರಿನ ಬಡಾವಣೆಯಲ್ಲಿ ಬಂಗಲೆ ಕಟ್ಟಿ ಕೂರಬಹುದಿತ್ತು. ಬಹಳ ಮಂದಿ ಅದನ್ನೇ ಮಾಡಿದರು. ಅವರು ಸೋಲದೇವನಹಳ್ಳಿಯಲ್ಲಿ ತೋಟ ಮಾಡಿದರು. ಅಲ್ಲೇ ಮನೆ ಮಾಡಿಕೊಂಡು ಬೇಸಾಯಕ್ಕೆ ನಿಂತರು. 1987ರ ‘ಡ್ಯಾನ್ಸ್ ರಾಜ ಡ್ಯಾನ್ಸ್’ನಿಂದ ಹೆಸರಾದ ಮಗ ವಿನೋದ್ ರಾಜ್ ಕೂಡ ಅಮ್ಮನ ಜೊತೆ ಮಣ್ಣಿನ ಕೆಲಸಕ್ಕೆ ಇಳಿದರು.

ಇದರ ಬೆಲೆ ತಿಳಿಯಬೇಕಾದರೆ ನೆಲಮಂಗಲ ಎಲ್ಲಿದೆ ಎಂಬುದನ್ನು ನೋಡಬೇಕು. ತುಮಕೂರಿಗೆ ಹೋಗುವ ಹೆದ್ದಾರಿಯೂ ಹಾಸನ, ಮಂಗಳೂರಿಗೆ ಹೋಗುವ ಹೆದ್ದಾರಿಯೂ ಕವಲೊಡೆಯುವ ಜಾಗ ಅದು. ಒಂದು ಕಡೆ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಬೆಂಗಳೂರು. ನಡುವೆ ಇರುವ ಹೊಲ, ತೋಪು, ಗೋಮಾಳಕ್ಕೆಲ್ಲ ಲೇಔಟಿನವರ ಕಣ್ಣು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದೆಂದು 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಆ ಕಣ್ಣು ಇನ್ನಷ್ಟು ಅಗಲವಾಯಿತು. ಅದೇ ತಾಲೂಕಿನ ಶಿವಗಂಗೆ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ಹೊಳೆ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡಬೇಕು. ದಶಕಗಳ ಕಾಲ ಬೆಂಗಳೂರಿಗೆ ನೀರು ಕೊಟ್ಟ ಜಲಾಶಯ ಅಲ್ಲಿದೆ. ಮೇಲಿನ ಹಳ್ಳಿಗಳಲ್ಲಿ ಮಣ್ಣು ಮಣ್ಣಾಗಿ ಉಳಿದರೆ ಮಾತ್ರ ಮಳೆ ನೀರು ಇಂಗಿ ಹೊಳೆಗೆ ಜೀವ ಬಂದೀತು. ಸಿಮೆಂಟು ಹಾಸಿದ ನೆಲದ ಮೇಲೆ ಬಿದ್ದ ಮಳೆ ಚರಂಡಿಗೆ ಹೋಗುತ್ತದೆ, ಬೋರಿಗೆ ಇಳಿಯುವುದಿಲ್ಲ.

ಅಂಥ ಕಡೆ ತೋಟವನ್ನು ತೋಟವಾಗಿಯೇ ಉಳಿಸಿಕೊಳ್ಳುವುದು ದೊಡ್ಡ ಹೋರಾಟ. ಅದಕ್ಕೆ ಬ್ಯಾನರ್ ಬೇಕಾಗಿಲ್ಲ, ಘೋಷಣೆ ಬೇಕಾಗಿಲ್ಲ. ಮನೆ ಬಾಗಿಲಿಗೆ ಬಂದ ದಲ್ಲಾಳಿಗೆ ವರ್ಷ ವರ್ಷವೂ ಇಲ್ಲ ಎನ್ನುವ ಗಟ್ಟಿತನ ಬೇಕು. ಲೀಲಾವತಿಗೆ ಆ ಗಟ್ಟಿತನ ಇತ್ತು. ಮಾರಿದ್ದು ಚೆನ್ನೈನಲ್ಲಿದ್ದ ಆಸ್ತಿಯನ್ನು. ಸಿನಿಮಾ ಊರಿನ ಜಮೀನು ಮಾರಿ, ಆ ಹಣ ತಂದು ಹಳ್ಳಿಯಲ್ಲಿ ಆಸ್ಪತ್ರೆ ಕಟ್ಟಿಸಿದರು.

ಮೊದಲು ಜನಕ್ಕೆ, ಆಮೇಲೆ ದನಕ್ಕೆ

ಮೊದಲು ಕಟ್ಟಿದ್ದು ಜನರ ಆಸ್ಪತ್ರೆ. ಸುತ್ತಲಿನ ಹಳ್ಳಿಯವರು ಜ್ವರ ಬಂದರೂ ಹೆರಿಗೆ ನೋವು ಬಂದರೂ ನೆಲಮಂಗಲಕ್ಕೆ ಓಡಬೇಕಿತ್ತು. ಅದನ್ನು ಕಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸ್ವಂತ ಖರ್ಚಿನಲ್ಲಿ ಕಟ್ಟಡ ಎಬ್ಬಿಸಿದರು. ಗೋಡೆ ಎದ್ದ ಮಾತ್ರಕ್ಕೆ ಆಸ್ಪತ್ರೆ ಆಗುವುದಿಲ್ಲ. ವೈದ್ಯರು ಬೇಕು, ನರ್ಸ್ ಬೇಕು, ಔಷಧಿ ಬೇಕು. ಅದಕ್ಕಾಗಿ ಇಳಿವಯಸ್ಸಿನಲ್ಲೂ ಸರ್ಕಾರದ ಬಾಗಿಲು ತಟ್ಟಿದರು. ಪ್ರಶಸ್ತಿ ಕೇಳಲು, ಸೈಟು ಕೇಳಲು ವಿಧಾನಸೌಧದ ಮೆಟ್ಟಿಲು ಹತ್ತುವವರು ಇದ್ದಾರೆ. ಈ ತಾಯಿ ಊರಿಗೆ ಡಾಕ್ಟರನ್ನು ಕೇಳಲು ಹತ್ತಿದರು.

ಅಲ್ಲಿಗೆ ನಿಲ್ಲಿಸಿದ್ದರೂ ಊರು ಕೈಮುಗಿಯುತ್ತಿತ್ತು. ಆದರೆ ತೋಟದಲ್ಲಿ ಬಾಳಿದವರಿಗೆ ಒಂದು ಸತ್ಯ ಗೊತ್ತು. ಹಳ್ಳಿಯ ಮನೆಯಲ್ಲಿ ಎಮ್ಮೆ ಮಲಗಿದರೆ ಸಂಸಾರವೇ ಮಲಗುತ್ತದೆ. ಹಾಲಿನ ದುಡ್ಡು ನಿಲ್ಲುತ್ತದೆ, ಮಕ್ಕಳ ಫೀಸು ನಿಲ್ಲುತ್ತದೆ, ಗೊಬ್ಬರ ನಿಲ್ಲುತ್ತದೆ. ಹಾಗಾಗಿ ಎರಡನೆಯ ಆಸ್ಪತ್ರೆ ದನಗಳಿಗೆ.

ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆಯಂಥ ದೊಡ್ಡ ಸಂಸ್ಥೆಗಳು ಈಗ ‘ಏಕ ಆರೋಗ್ಯ’ ಎನ್ನುತ್ತಿವೆ. ಮನುಷ್ಯ, ಪ್ರಾಣಿ, ಪರಿಸರ ಮೂರರ ಆರೋಗ್ಯವೂ ಒಂದೇ ಎಂಬುದು ಅದರ ತಿರುಳು. ಮನುಷ್ಯನಿಗೆ ಬರುವ ಸೋಂಕು ರೋಗಗಳಲ್ಲಿ ಸುಮಾರು ಶೇ 60ರಷ್ಟು ಪ್ರಾಣಿಗಳಿಂದ ಬಂದವು. ಹುಚ್ಚುನಾಯಿ ಕಡಿತದಿಂದ ಜಗತ್ತಿನಲ್ಲಿ ಆಗುವ ಸಾವುಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ನಮ್ಮ ದೇಶದಲ್ಲೇ. ಎಮ್ಮೆ ಕಂದು ಹಾಕಿದಾಗ ಮನೆಯ ಹೆಂಗಸರು ಮಾಸನ್ನು ಬರಿಗೈಯಲ್ಲೇ ಎತ್ತಿ ತಿಪ್ಪೆಗೆ ಎಸೆಯುತ್ತಾರೆ. ಆ ಎಮ್ಮೆಗೆ ಬ್ರುಸೆಲ್ಲಾ ಸೋಂಕು ಇದ್ದರೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ ಅವರಿಗೂ ಅಂಟುತ್ತದೆ. ಜನರ ಡಾಕ್ಟರು ಟೈಫಾಯಿಡ್ ಎಂದು ಮಾತ್ರೆ ಕೊಡುತ್ತಾರೆ. ಕಾರಣ ಕೊಟ್ಟಿಗೆಯಲ್ಲಿ ಉಳಿದುಬಿಡುತ್ತದೆ. ಒಂದೇ ಊರಿನಲ್ಲಿ ಎರಡೂ ಆಸ್ಪತ್ರೆ ಇದ್ದು, ಇಬ್ಬರು ಡಾಕ್ಟರೂ ಮಾತಾಡಿಕೊಂಡರೆ ಆ ಕಾರಣ ಸಿಗುತ್ತದೆ. ಲೀಲಾವತಿ ಅಂತಾರಾಷ್ಟ್ರೀಯ ವರದಿಗಳನ್ನು ಓದಿ ಈ ಕೆಲಸ ಮಾಡಿದವರಲ್ಲ. ಬಾಳಿ ತಿಳಿದು ಮಾಡಿದರು.

ದನದ ಸೂಜಿಮದ್ದು, ಆಕಾಶದ ಹದ್ದು

ಪಶು ಆಸ್ಪತ್ರೆಗೂ ಪರಿಸರಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ರಣಹದ್ದುಗಳ ಕಥೆ ಹೇಳಬೇಕು. ತೊಂಬತ್ತರ ದಶಕದಲ್ಲಿ ದನಗಳ ನೋವು, ಬಾವು ಇಳಿಸಲು ಡೈಕ್ಲೋಫಿನಾಕ್ ಎಂಬ ಅಗ್ಗದ ಔಷಧಿ ಬಳಕೆಗೆ ಬಂತು. ಸೂಜಿ ಚುಚ್ಚಿಸಿಕೊಂಡ ದನ ಸತ್ತು, ಅದರ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಉದುರತೊಡಗಿದವು. ಬಿಳಿಬೆನ್ನಿನ ರಣಹದ್ದು ಹದಿನೈದು ವರ್ಷದಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮೀರಿ ಇಲ್ಲವಾಯಿತು. 2006ರಲ್ಲಿ ಪಶುಗಳಿಗೆ ಆ ಔಷಧಿ ಕೊಡುವುದನ್ನು ಸರ್ಕಾರ ನಿಷೇಧಿಸಿತು. 2023ರಲ್ಲಿ ಅದೇ ಗುಣದ ಇನ್ನೆರಡು ಔಷಧಿಗಳಿಗೂ ತಡೆ ಬಿತ್ತು.

ಹದ್ದು ಹೋದರೆ ನಮಗೇನು ನಷ್ಟ? ಊರ ಹೊರಗೆ ಬಿದ್ದ ಹೆಣಗಳು ಕೊಳೆತವು, ನಾಯಿಗಳ ಹಿಂಡು ಬೆಳೆಯಿತು, ನೀರಿಗೆ ಕೊಳೆ ಸೇರಿತು. ಈ ಕಾರಣಕ್ಕೆ 2000ದಿಂದ 2005ರ ನಡುವೆ ದೇಶದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವು ಆಗಿರಬಹುದೆಂದು ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಅಂದಾಜು ಮಾಡಿದೆ. ‘ಶೋಲೆ’ ಚಿತ್ರೀಕರಣದಿಂದ ಹೆಸರಾದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ್ದು ಈ ನಾಶದ ನಡುವೆಯೇ.

ಆದ್ದರಿಂದ ಕಲಿತ ಪಶುವೈದ್ಯರು ಊರಿನಲ್ಲಿ ಇರುವುದು ಕಾಡು ಉಳಿಸಿದಷ್ಟೇ ದೊಡ್ಡದು. ಡಾಕ್ಟರಿಲ್ಲದ ಊರಿನಲ್ಲಿ ರೈತ ಅಂಗಡಿಯವನು ಕೊಟ್ಟ ಔಷಧಿಯನ್ನೇ ಚುಚ್ಚಿಸುತ್ತಾನೆ. ಯಾವುದು ಹದ್ದನ್ನು ಕೊಲ್ಲುತ್ತದೆ, ಯಾವುದು ಹಾಲಿಗೆ ಇಳಿದು ಕೂಸಿನ ಹೊಟ್ಟೆ ಸೇರುತ್ತದೆ ಎಂಬುದನ್ನು ಅವನಿಗೆ ಹೇಳುವವರು ಯಾರು?

ನಮ್ಮ ಸೀಮೆಗೆ ಬಂದರೆ

ಗುರುಗುಂಟಾ, ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ಹಿರಿಯರು ಲೀಲಾವತಿಯನ್ನು ಕಂಡದ್ದು ಟೂರಿಂಗ್ ಟಾಕೀಸಿನ ಪರದೆಯ ಮೇಲೆ. ಅವರ ಹಳ್ಳಿಯ ಕೆಲಸವನ್ನು ನಾವು ಕಣ್ಣಾರೆ ಕಾಣಲಿಲ್ಲ. ಆದರೆ ಆ ಕೆಲಸದ ಅಗತ್ಯ ನಮಗಿರುವಷ್ಟು ಯಾರಿಗಿದೆ? ಅಮರೇಶ್ವರನ ಈ ನೆಲದಲ್ಲಿ ಕುರಿ ಹಿಂಡು ಇಲ್ಲದ ಹಳ್ಳಿ ಹುಡುಕುವುದು ಕಷ್ಟ. 2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ ಕುರಿಗಳೇ ಒಂದು ಕೋಟಿ ಹತ್ತು ಲಕ್ಷ, ದನಗಳು ಸುಮಾರು 85 ಲಕ್ಷ. ಐದು ಸಾವಿರ ಜಾನುವಾರುಗಳಿಗೆ ಒಬ್ಬ ಪಶುವೈದ್ಯ ಇರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ ಹೇಳಿದ್ದು 1976ರಲ್ಲಿ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಆ ಮಾತಿನ ಬೆಲೆ ರೈತರಿಗೆ ತಿಳಿಯಿತು. ಮೈತುಂಬ ಗಂಟೆದ್ದ ಎತ್ತನ್ನು ಟಂಟಂಗೆ ಹತ್ತಿಸಿಕೊಂಡು ಊರೂರು ಅಲೆದವರಿದ್ದಾರೆ. “ಡಾಕ್ಟ್ರು ಕ್ಯಾಂಪಿಗೆ ಹೋಗ್ಯಾರ, ನಾಳೆ ಬರ್ರಿ” ಎಂಬ ಮಾತು ಕೇಳಿ ಮರಳಿದವರಿದ್ದಾರೆ. ಜೋಡೆತ್ತಿನಲ್ಲಿ ಒಂದು ಹೋದರೆ ಉಳಿದ ಎತ್ತು ಗಳೇವಿಗೆ ಬರುವುದಿಲ್ಲ. ತಿಪ್ಪೆ ಬರಿದಾದರೆ ಎರೆಹೊಲಕ್ಕೆ ಬೀಳುವುದು ಬರೀ ಚೀಲದ ಗೊಬ್ಬರ.

ನೀರಿನ ಮಾತು ಇನ್ನೂ ಗಂಭೀರ. ಗುರುಗುಂಟಾದ ನೆರೆಯಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಚಿನ್ನ ಇರುವ ಬಂಡೆಯಲ್ಲಿ ಆರ್ಸೆನಿಕ್ ಇರುವುದು ಭೂಮಿಯ ಗುಣ. ಪಕ್ಕದ ಸುರಪುರ ತಾಲೂಕಿನಲ್ಲಿ ಹಳೆಯ ಚಿನ್ನದ ಗಣಿ ಸೀಮೆಗೆ ಸೇರಿದ ಕಿರದಳ್ಳಿ ತಾಂಡಾದ ಜನ ಬೋರಿನ ನೀರು ಕುಡಿದು ಚರ್ಮದ ರೋಗಕ್ಕೆ, ಕ್ಯಾನ್ಸರಿಗೆ ತುತ್ತಾದುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ಕಾಟವೂ ಉಂಟು. ಬೋರಿನ ನೀರನ್ನು ಮನುಷ್ಯ ಕುಡಿಯುತ್ತಾನೆ, ಅದೇ ನೀರನ್ನು ಎಮ್ಮೆ ಕುಡಿಯುತ್ತದೆ, ಜೋಳವೂ ಕುಡಿಯುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ಮನೆಯೊಳಗೆ ಬರುತ್ತದೆ, ಕೊಟ್ಟಿಗೆಗೆ ಬರುವುದಿಲ್ಲ. ಜನ, ದನ, ನೆಲ ಬೇರೆ ಬೇರೆ ಇಲಾಖೆಗಳ ಫೈಲಿನಲ್ಲಿ ಮಾತ್ರ ಬೇರೆ ಬೇರೆ.

ಅಶೋಕನ ಕಲ್ಲು ಹೇಳಿದ್ದು

ಈ ತಿಳಿವಳಿಕೆ ನಮ್ಮ ನೆಲಕ್ಕೆ ಹೊಸದಲ್ಲ. 1915ರಲ್ಲಿ ಚಿನ್ನದ ಗಣಿ ಕೆಲಸದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲೆ ಒಂದು ಶಾಸನ ಕಂಡರು. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂದು ಜಗತ್ತಿಗೆ ಖಚಿತವಾದದ್ದು ಆ ಕಲ್ಲಿನಿಂದ. ಅದೇ ಅಶೋಕ ತನ್ನ ಎರಡನೆಯ ದೊಡ್ಡ ಬಂಡೆ ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಔಷಧಿ ಗಿಡ ಇಲ್ಲದ ಕಡೆ ತರಿಸಿ ನೆಡಿಸಿದ್ದನ್ನು, ದಾರಿಗಳ ಬದಿಯಲ್ಲಿ ಬಾವಿ ತೋಡಿಸಿ ಮರ ನೆಡಿಸಿದ್ದನ್ನು ಹೇಳುತ್ತಾನೆ. ಎರಡು ಸಾವಿರದ ಇನ್ನೂರೈವತ್ತು ವರ್ಷಗಳ ಹಿಂದೆ ಚಕ್ರವರ್ತಿಯೊಬ್ಬ ಬೊಕ್ಕಸದ ಬಲದಿಂದ ಮಾಡಿದ್ದನ್ನು, ತಬ್ಬಲಿಯಾಗಿ ಬೆಳೆದ ನಟಿಯೊಬ್ಬರು ತಮ್ಮ ದುಡಿಮೆಯ ಬಲದಿಂದ ಒಂದು ಹಳ್ಳಿಯ ಮಟ್ಟಿಗೆ ಮಾಡಿ ತೋರಿಸಿದರು. ಅಶೋಕನ ಹೆಸರಿನ ಕಲ್ಲು ಮಡಿಲಲ್ಲಿ ಇಟ್ಟುಕೊಂಡಿರುವ ನಾವು ಆ ಮಾತಿಗೆ ಹತ್ತಿರದ ವಾರಸುದಾರರು.

ಕಲಾವಿದರ ಇಂಥ ಕೆಲಸಕ್ಕೆ ನಮ್ಮ ನೆರೆಯಲ್ಲೇ ಒಂದು ಉದಾಹರಣೆಯೂ ಇದೆ. ಬರ ಬಿದ್ದ 2017ರಲ್ಲಿ ನಟ ಯಶ್ ಮತ್ತು ನಟಿ ರಾಧಿಕಾ ಪಂಡಿತ್ ದಂಪತಿಯ ‘ಯಶೋಮಾರ್ಗ’ ಸಂಸ್ಥೆ ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲೂಕಿನ ತಲ್ಲೂರು ಕೆರೆಯ ಹೂಳೆತ್ತಿಸಿತು. ಆ ಕೆರೆಗೂ ಅವರಿಗೂ ಹುಟ್ಟಿನ ನಂಟೇನೂ ಇರಲಿಲ್ಲ. ಮಳೆ ಬಂದಾಗ ಕೆರೆಗೆ ನೀರು ಬಂತು. ಒಂದು ಕೆರೆ ತುಂಬಿದರೆ ಸುತ್ತಲಿನ ಬೋರು, ಬಾವಿ, ಬೆಳೆ, ಪಕ್ಷಿ ಎಲ್ಲಕ್ಕೂ ಉಸಿರು ಬರುತ್ತದೆ ಎಂಬುದನ್ನು ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಎರಡೂ ಕೆಲಸಗಳಲ್ಲಿ ನಾನು ಕಾಣುವ ಮುಖ್ಯ ಗುಣ ಒಂದೇ. ‘ಪರಿಸರ ಉಳಿಸಿ’ ಎಂದು ಊರೂರಿಗೆ ಭಾಷಣ ಮಾಡುವ ಬದಲು ಒಂದು ಊರು, ಒಂದು ಕೆರೆ ಹಿಡಿದರು. ಲೀಲಾವತಿಯವರಂತೂ ಹಿಡಿದದ್ದನ್ನು ಸಾಯುವ ತನಕ ಬಿಡಲಿಲ್ಲ. ಒಂದು ದಿನ ಬಂದು ಸಸಿ ನೆಟ್ಟು ಫೋಟೊ ತೆಗೆಸಿಕೊಂಡು ಹೋದರೆ ಆ ಸಸಿಗೆ ನೀರು ಹಾಕುವವರು ಯಾರೆಂದು ಕೇಳಬೇಕಾಗುತ್ತದೆ. ಅಲ್ಲೇ ಬಾಳಿದವರನ್ನು ಆ ಪ್ರಶ್ನೆ ಕೇಳುವ ಹಾಗಿಲ್ಲ, ಕೊಡ ಅವರ ಕೈಯಲ್ಲೇ ಇರುತ್ತದೆ.

ದಾನಿಗಳ ಪಾಲು, ಸರ್ಕಾರದ ಪಾಲು

ನಮ್ಮ ಸೀಮೆಯಿಂದ ಹೋಗಿ ಬೆಂಗಳೂರು, ಹೈದರಾಬಾದು, ಪರದೇಶಗಳಲ್ಲಿ ನೆಲೆ ಕಂಡವರು ಕಡಿಮೆ ಏನಿಲ್ಲ. ಊರ ಜಾತ್ರೆಗೆ ಬರುತ್ತಾರೆ, ಗುಡಿಗೆ ಮಹಾದ್ವಾರ ಕಟ್ಟಿಸುತ್ತಾರೆ, ದಾಸೋಹಕ್ಕೆ ಅಕ್ಕಿ ಚೀಲ ಕೊಡುತ್ತಾರೆ. ಭಕ್ತಿಗೆ ಯಾರೂ ಅಡ್ಡ ಬರಬೇಕಿಲ್ಲ. ಅದರ ಜೊತೆಗೆ ಒಂದು ಹಳ್ಳದ ಹೂಳು, ಒಂದು ದನದ ತೊಟ್ಟಿ, ಊರಿನ ಎಲ್ಲ ಬೋರುಗಳ ನೀರಿನ ಪರೀಕ್ಷೆ, ದನದ ದವಾಖಾನೆಗೊಂದು ಗಟ್ಟಿ ಕಟ್ಟಡ, ಇವನ್ನೂ ದೇವರ ಕೆಲಸವೆಂದು ತಿಳಿದರೆ ಗುರುಗುಂಟಾ ಸುತ್ತಲಿನ ಹಳ್ಳಿಗಳು ಹತ್ತು ವರ್ಷದಲ್ಲಿ ಬೇರೆಯೇ ಆಗುತ್ತವೆ. ಹುಟ್ಟಿದೂರಲ್ಲದ ಊರಿಗೆ ಲೀಲಾವತಿ ಅಷ್ಟು ಮಾಡಿದರು. ಹುಟ್ಟಿದೂರಿಗೆ ನಾವು ಅದರ ಅರ್ಧವಾದರೂ ಮಾಡಬೇಡವೇ?

ಸರ್ಕಾರದ ಪಾಲನ್ನು ದಾನಿಗಳ ಹೆಗಲಿಗೆ ದಾಟಿಸುವಂತಿಲ್ಲ. ಕಟ್ಟಡ ಕೊಡುವವರು ಸಿಗುತ್ತಾರೆ, ಡಾಕ್ಟರನ್ನು ಕೊಡಬೇಕಾದದ್ದು ಸರ್ಕಾರವೇ. ಔಷಧಿ, ಲಸಿಕೆ, ಸಿಬ್ಬಂದಿ ಇಲ್ಲದ ಆಸ್ಪತ್ರೆ ನಾಮಫಲಕ ಹೊತ್ತ ಗೋಡೆ ಮಾತ್ರ. 1962 ಸಂಖ್ಯೆಗೆ ಕರೆ ಮಾಡಿದರೆ ಮನೆ ಬಾಗಿಲಿಗೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನದ ವ್ಯವಸ್ಥೆ ಇದೆ. ಅದು ದೂರದ ತಾಂಡಾ, ದೊಡ್ಡಿಗಳಿಗೂ ಹೊತ್ತಿಗೆ ಸರಿಯಾಗಿ ಮುಟ್ಟುವಂತೆ ಒತ್ತಾಯಿಸುವುದು ಗ್ರಾಮಸಭೆಯ ಹಕ್ಕು. ಗಣಿ ಸುತ್ತಲಿನ ಹಳ್ಳಿಗಳ ನೀರನ್ನು ವರ್ಷಕ್ಕೆರಡು ಸಲ ಪರೀಕ್ಷಿಸಿ, ಬಂದ ಅಂಕಿಗಳನ್ನು ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿರಿ ಎಂದು ಕೇಳುವುದೂ ಹಕ್ಕೇ. ಕೇಳಲು ನಾಚಿಕೆ ಯಾಕೆ? ಬೆಳ್ಳಿತೆರೆಯ ರಾಣಿಯಾಗಿ ಮೆರೆದ ಲೀಲಾವತಿ ಊರಿಗಾಗಿ ಕೇಳಲು ನಾಚಲಿಲ್ಲ.

ಅವರ ನೆನಪಿಗೆ ಪ್ರತಿಮೆಗಳು ಬರಲಿ, ಅವರ ಚಿತ್ರಗಳ ಉತ್ಸವಗಳು ನಡೆಯಲಿ. ಆದರೆ ಅವರಿಗೆ ಸಲ್ಲುವ ನಿಜವಾದ ಗೌರವ ಒಂದಿದೆ. ಈ ಸಲದ ಗ್ರಾಮಸಭೆಯಲ್ಲಿ ಜನರ ದವಾಖಾನೆ, ದನದ ದವಾಖಾನೆ, ಊರ ನೀರು, ಈ ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆದು ಊರವರೆಲ್ಲ ಸಹಿ ಹಾಕಬೇಕು. ಉತ್ತರ ಬರುವ ತನಕ ಆ ಅರ್ಜಿಯ ಬೆನ್ನು ಬಿಡಬಾರದು.